ಹೊಳೆಯಾಚೆಯ ಮಾತು

ರಾಯಚೂರಿನ ಆಸ್ಪತ್ರೆಯಲ್ಲಿ ನನಗೆ ಕೊಟ್ಟ ಕೋಣೆ ಮೊದಲು ಹರಿದ ಹಾಸಿಗೆಗಳನ್ನು ಒಟ್ಟುವ ಉಗ್ರಾಣವಾಗಿತ್ತು. ಒಂದೇ ಕಿಟಕಿ. ಹೊತ್ತು ಏರಿತೆಂದರೆ ಗೋಡೆಗಳೇ ಕಾವು ಕಾರುತ್ತಿದ್ದವು. ಬೆಂಗಳೂರಿನಲ್ಲಿ ಚಿಕಿತ್ಸಾ ಮನೋವಿಜ್ಞಾನ ಓದಿ, ಎಪ್ಪತ್ತರ ದಶಕದ ಕೊನೆಯಲ್ಲಿ, ಹುಟ್ಟಿದ ಊರಿಗೇ ನಾನು ಕೆಲಸಕ್ಕೆ ಬಂದಾಗ ನನ್ನನ್ನು ಏನೆಂದು ಕರೆಯಬೇಕೋ ಅಲ್ಲಿ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಜನ 'ತಲಿ ಡಾಕ್ಟರಮ್ಮ' ಎಂದು ಹೆಸರಿಟ್ಟರು. ಸೂಜಿ ಚುಚ್ಚದ, ಗುಳಿಗೆ ಬರೆಯದ, ಬರೀ ಮಾತಾಡಿಸಿ ಕಳಿಸುವ ಡಾಕ್ಟರಮ್ಮನ ಮೇಲೆ ಅವರಿಗೆ ಅನುಮಾನವೂ ಇತ್ತು.

ಮಿದುಳಿಗೆ ಪೆಟ್ಟಾದವರಲ್ಲಿ ಏನು ಹೋಗಿದೆ, ಏನು ಉಳಿದಿದೆ ಎಂದು ನೋಡುವುದು ನನ್ನ ಕೆಲಸ. ಅದಕ್ಕೆಂದು ತಂದಿದ್ದ ಚಿತ್ರದ ಕಾರ್ಡುಗಳಲ್ಲಿ ಹಿಮದ ಮೇಲೆ ಎಳೆಯುವ ಬಂಡಿ, ಪಿಯಾನೋ ಎಲ್ಲ ಇದ್ದವು. ಗದ್ದೆ ಕೆಲಸದಿಂದ ಎದ್ದು ಬಂದವರ ಮುಂದೆ ಅವನ್ನು ಹಿಡಿಯಲು ನನಗೇ ನಾಚಿಕೆಯಾಯಿತು. ಆದ್ದರಿಂದ ನನ್ನದೇ ಒಂದು ಬಟ್ಟೆಯ ಚೀಲ ಮಾಡಿಕೊಂಡೆ. ಕುಡುಗೋಲು, ಹಣಿಗೆ, ಸಣ್ಣ ಮೊರ, ಕೀಲಿಕೈ, ಬಳೆ ಹೀಗೆ ಒಂದೊಂದನ್ನೇ ಹೊರತೆಗೆದು "ಇದೇನು?" ಎಂದು ಕೇಳುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಹೆಂಗಸರ ವಾರ್ಡಿನ ವೈದ್ಯರು ನನ್ನನ್ನು ಕರೆಸಿದರು. ಪೋತ್ನಾಳದ ಕಡೆಯ ಹೆಂಗಸು, ಇನ್ನೂ ಸಣ್ಣ ವಯಸ್ಸು. ಗಂಡ ಅಕ್ಕಿ ಗಿರಣಿಯೊಂದರಲ್ಲಿ ಪಾಲುದಾರ. ಮಿದುಳು ಜ್ವರ ಬಂದು ಎಚ್ಚರ ತಪ್ಪಿ ಬಿದ್ದವಳು ಹೇಗೋ ಬದುಕಿಕೊಂಡಿದ್ದಳು. ಬಲಗೈಯಲ್ಲಿ ಶಕ್ತಿ ಇರಲಿಲ್ಲ. ಜ್ವರ ಇಳಿದು ಕಣ್ಣು ಬಿಟ್ಟ ಮೇಲೆ ನಿಧಾನವಾಗಿ ಮಾತು ಬಂತು. ಬಂದದ್ದು ಮಾತ್ರ ಕನ್ನಡವಲ್ಲ, ತೆಲುಗು.

ರಾಯಚೂರಿನಲ್ಲಿ ತೆಲುಗು ಹೊಸದೇನಲ್ಲ. ನಮ್ಮ ಓಣಿಯಲ್ಲೇ ಒಂದು ಮನೆಯಲ್ಲಿ ದಖನಿ ಉರ್ದು, ಪಕ್ಕದಲ್ಲಿ ತೆಲುಗು, ಎದುರಿಗೆ ಕನ್ನಡ. ನಾನೂ ಮೂರನ್ನೂ ಕಲಸಿಕೊಂಡೇ ಬೆಳೆದವಳು. ಆದರೆ ಈ ಹೆಂಗಸಿಗೆ ತೆಲುಗು ಬರುತ್ತದೆಂದು ಅವಳ ಮನೆಯವರೇ ಅರಿಯರು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಅವಳ ಅತ್ತೆ ನನ್ನನ್ನು ಕಂಡು ಎದ್ದು ಬಂದು ದನಿ ತಗ್ಗಿಸಿದಳು.

"ಅಮ್ಮಾರ, ಇದು ಜರದ ಮಾತಲ್ರೀ. ನನ್ನ ಮಗಗ ಇದು ಎರಡನೇ ಲಗ್ನ. ಮೊದಲನೇದಾಕಿ ಹೊಳಿ ಆಚಿ ಕಡೆಯಾಕಿ, ತೆಲುಗಿನಾಕಿ. ಬಾಣಂತನಕ್ಕ ತವರಿಗೆ ಹೋದಾಕಿ ಅಲ್ಲೇ ತೀರಿಕೊಂಡ್ಲು. ಕೂಸೂ ಉಳೀಲಿಲ್ಲ. ಈಗ ಇಕಿ ಬಾಯಾಗ ಮಾತಾಡಾಕತ್ತಾಕಿ ಆಕೀನ."

ಕಾಲುವೆ ನೀರು ಬಂದ ಮೇಲೆ ಆ ಭಾಗದಲ್ಲಿ ಆಂಧ್ರದ ರೈತರು ನೆಲ ಕೊಂಡು ಅಲ್ಲಲ್ಲಿ ಕ್ಯಾಂಪು ಕಟ್ಟಿಕೊಂಡಿದ್ದರು. ನಾನು ಅದನ್ನೇ ನೆನಪಿಸಿದೆ. "ನಿಮ್ಮೂರ ಸುತ್ತ ಕ್ಯಾಂಪಿನವರು ಅದಾರಲ್ಲ, ಯವ್ವಾ. ಅವರ ಮಾತು ಕಿವಿಗೆ ಬಿದ್ದಿರಬೇಕು."

"ಕ್ಯಾಂಪಿನವರದು ಬ್ಯಾರೆ ತೆಲುಗ್ರೀ. ಅದನ್ನ ದಿನಾ ಕೇಳ್ತೀನಿ. ಇದು ಹೊಳಿ ಆಚಿದು, ಆಕಿ ರಾಗ. ನನ್ನ ಮನ್ಯಾಗ ಓಡ್ಯಾಡಿದಾಕಿ ಮಾತು ನನಗ ಗುರ್ತು ಸಿಗೂದಿಲ್ಲೇನ್ರೀ?"

ಮಾರನೆಯ ದಿನ ಆ ಹೆಂಗಸನ್ನು ನನ್ನ ಕೋಣೆಗೆ ಕರೆತಂದರು. ಮನೆಯವರನ್ನು ಕೇಳಿ ಒಂದು ಕ್ಯಾಸೆಟ್ ರೆಕಾರ್ಡರನ್ನು ಮೇಜಿನ ಮೇಲಿಟ್ಟೆ. ಕನ್ನಡದಲ್ಲಿ ಕೇಳಿದ ಒಂದು ಮಾತಿಗೂ ಅವಳು ಉತ್ತರ ಕೊಡಲಿಲ್ಲ. ಗೋಡೆಯಾಚೆಯ ಸದ್ದನ್ನು ಕೇಳುವವಳ ಹಾಗೆ ತಲೆ ಓರೆ ಮಾಡಿ ನನ್ನನ್ನೇ ನೋಡಿದಳು. ತೆಲುಗಿನಲ್ಲಿ ಕೇಳಿದಾಗ ಮುಖ ಬಿರಿಯಿತು. ಹಣಿಗೆಗೆ ದುವ್ವೆನ ಅಂದಳು. ಕುಡುಗೋಲಿಗೆ ಕೊಡವಲಿ ಅಂದಳು. ಆದರೆ ಕೀಲಿಕೈ ಹಿಡಿದರೆ ಹೆಸರಿಲ್ಲ. ಗಂಡನ ಬಗ್ಗೆ, ಗಿರಣಿಯ ಬಗ್ಗೆ, ಹಬ್ಬ ಹುಣ್ಣಿಮೆಯ ಅಡುಗೆಯ ಬಗ್ಗೆ ಕೇಳಿದರೆ ಮಾತೇ ಸಿಗದು. ನಾಯಿ, ಹಾಲು, ಹೊಟ್ಟೆನೋವು, ಚೆಂಡು, ಇವೆಲ್ಲ ಸಲೀಸಾಗಿ ಬರುತ್ತಿದ್ದವು. ವಾಕ್ಯಗಳು ಗಿಡ್ಡ. ಕೇಳುತ್ತ ಕೇಳುತ್ತ ನನಗೆ ಹೊಳೆಯಿತು: ಇದು ಬೆಳೆಯದೆ ನಿಂತ ತೆಲುಗು. ಐದಾರು ವರ್ಷದ ಮಗುವಿನದು.

ಆಗ ಅವಳು ಇದ್ದಕ್ಕಿದ್ದಂತೆ ಬಾಗಿಲ ಕಡೆ ತಿರುಗಿದಳು. ಕತ್ತು ಚಾಚಿ, ಬೇರೆಯೇ ದನಿಯಲ್ಲಿ, ಬಸವಳಿದ ದೊಡ್ಡ ಹೆಂಗಸಿನ ದನಿಯಲ್ಲಿ ಕೇಳಿದಳು:

"ಬಿಡ್ಡ ಏಡುಂದಿ?"

ಕೂಸು ಎಲ್ಲಿದೆ ಎಂದು. ಆ ಮಾತಿನಲ್ಲಿ ಮಗುವಿನ ಉಲಿ ಇರಲಿಲ್ಲ.  ಬಾಗಿಲಲ್ಲಿ ಯಾರೂ ಇರಲಿಲ್ಲ. ಮತ್ತೆ ನನ್ನ ಕಡೆ ತಿರುಗಿ, ಏನೂ ಆಗದವಳಂತೆ ಬಳೆಯನ್ನು ಎತ್ತಿಕೊಂಡು ಅದರೊಳಗೆ ಬೆರಳು ತೂರಿಸಿ ಆಡತೊಡಗಿದಳು.

ಅವಳ ಗಂಡನನ್ನು ಕಂಡದ್ದು ಆ ಸಂಜೆ, ರೋಗಿಗಳನ್ನು ನೋಡಲು ಬಿಡುವ ಹೊತ್ತಿನಲ್ಲಿ. ಎತ್ತರದ ಆಳು, ಹಣೆಯಲ್ಲಿ ವಿಭೂತಿ, ಕಿವಿಯ ಹಿಂದೆ ಗಿರಣಿಯ ತೌಡಿನ ಬಿಳಿ. ಅವನು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಹೆಂಡತಿಯ ಜತೆ ತೆಲುಗಿನಲ್ಲಿ ಮಾತಾಡುತ್ತಿದ್ದ. ಅದು ಮೊದಲ ಹೆಂಡತಿಯಿಂದ ಕಲಿತ ಮಾತು. ಪಕ್ಕದ ಮಂಚದ ಮುದುಕಿಯನ್ನು ನೋಡಲು ಹೋಗಿದ್ದ ನನಗೆ ಎಲ್ಲವೂ ಕೇಳುತ್ತಿತ್ತು. ಅವಳು ಮತ್ತೆ ಆ ದನಿಯಲ್ಲಿ ಅದನ್ನೇ ಕೇಳಿದಳು. ಕೂಸು ಎಲ್ಲಿದೆ?  ಅವನು ತೀರಿಕೊಂಡವಳಿಗೇ ಹೇಳುವಂತೆ, ಕೂಸನ್ನು ನಿನ್ನ ಮಗ್ಗುಲಲ್ಲೇ ಮಲಗಿಸಿದ್ದಾರೆ, ಹೊಳೆ ಬಂದಿತ್ತು, ದೋಣಿ ಹಾಕಲಿಲ್ಲ, ನೀರು ಇಳಿಯುವಷ್ಟರಲ್ಲಿ ಮಣ್ಣು ಕೊಟ್ಟಿದ್ದರು, ನನ್ನ ಮೇಲೆ ಸಿಟ್ಟಾಗಬೇಡ ಎಂದ. ಹೇಳುತ್ತ ಅವಳ ಸೋತ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿ ಹಿಡಿದಿದ್ದ.

ಮುದುಕಿಯ ಪ್ರಶ್ನೆಗೆ ಏನು ಉತ್ತರ ಕೊಟ್ಟೆನೋ ನನಗೆ ನೆನಪಿಲ್ಲ. ಆದರೆ ಮಂಚದ ಮೇಲಿನ ಆ ಹೆಂಗಸಿನ ಮುಖ ಇಂದಿಗೂ ಕಣ್ಣ ಮುಂದಿದೆ. ಅವಳು ಅವನನ್ನು ಅಪರಿಚಿತ ದೊಡ್ಡವರನ್ನು ಮಕ್ಕಳು ನೋಡುವ ಹಾಗೆ, ಹೆದರಿಕೆಯಿಂದ, ಒಂದಿಷ್ಟು ಮರುಕದಿಂದ ನೋಡುತ್ತಿದ್ದಳು.

ಔಷಧಿಯಿಂದ ಆಗುವುದೆಲ್ಲ ಆಗಿದೆ ಎಂದು ವೈದ್ಯರು ಮನೆಗೆ ಕಳಿಸಿದರು. ಅತ್ತೆ ಅವಳನ್ನು ಮನೆಗೆ ಒಯ್ಯಲಿಲ್ಲ. ಗಾಳಿ ಬಿಡಿಸುತ್ತಾರೆಂದು ದೇವದುರ್ಗದ ಹೊರಗಿನ ಒಂದು ದರ್ಗಾಕ್ಕೆ ನೇರವಾಗಿ ಕರೆದೊಯ್ದಳು. ಹದಿನೈದು ದಿನಕ್ಕೊಮ್ಮೆ ನಾನು ದೇವದುರ್ಗಕ್ಕೆ ರೋಗಿಗಳನ್ನು ನೋಡಲು ಹೋಗುತ್ತಿದ್ದುದರಿಂದ ಅಲ್ಲಿ ಅವರನ್ನು ಕಾಣಬಹುದಿತ್ತು. ಅದಕ್ಕೂ ಮೊದಲು ಅವಳ ತವರಿಗೆ ಹೋಗಬೇಕೆನಿಸಿತು. ಮಗುವಿನ ತೆಲುಗು ಇದೆಯೆಂದರೆ ಅದನ್ನು ಕಲಿಸಿದವರು ಯಾರೋ ಇರಲೇಬೇಕು.

ತವರು ಬಾಗಲವಾಡ. ಮಾನ್ವಿಗೆ ಹೋಗಿ ಇನ್ನೊಂದು ಬಸ್ಸು ಹಿಡಿದೆ. ಅವಳ ತಾಯಿ ಎಂದು ಎಲ್ಲರೂ ಹೇಳುತ್ತಿದ್ದ ಹೆಂಗಸು ಅಂಗಳದಲ್ಲಿ ಹೆಸರುಕಾಳು ಕೇರುತ್ತಿದ್ದಳು. ಗಂಡ ಇರಲಿಲ್ಲ, ಹಿಂದೆಯೇ ತೀರಿಕೊಂಡಿದ್ದ. ನಾನು ವಿಷಯ ಹೇಳಿದಾಗ ಮೊರ ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು, ಒಳಗೆ ಬನ್ನಿ ಎಂದಳು. ಕದ ಮುಂದಕ್ಕೆ ಮಾಡಿದಳು.

"ಆಕಿ ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ಅಲ್ರೀ. ನನ್ನ ಗಂಡನ ತಂಗಿ ಮಗಳು. ಆ ತಂಗೀನ್ನ ಸಣ್ಣಾಕಿದ್ದಾಗ ಹೊಳಿ ಆಚಿಗೆ ಕೊಟ್ಟಿದ್ರು, ಬರಬರತಾ ತೆಲುಗಿನಾಕೀನ ಆಗಿದ್ಲು. ವಾಂತಿಭೇದಿ ಬ್ಯಾನಿ ಬಂತು. ಮೊದ್ಲು ಆಕಿ ಗಂಡ ಹೋದ, ಹಿಂದಿಂದೆ ಆಕಿ. ಬ್ಯಾನಿ ಅಂಟ್ತದಂತ ಕೂಸಿಗೆ ತಾಯಿ ಹತ್ರ ಬಿಡಲಿಲ್ಲಂತ. ಬಾಗಲ ಹೊರಗ ನಿಂದ್ರಿಸಿದ್ರಂತ. ಒಳಗ ಮಲಗಿದಾಕಿ ಪ್ರಾಣ ಹೋಗೂತನ ಒಂದ ಮಾತು, 'ಕೂಸ ಎಲ್ಲಿ, ಕೂಸ ಎಲ್ಲಿ' ಅಂತ. ನನ್ನ ಗಂಡ ಹೋಗಿ ಇದನ್ನ ಎತ್ಕೊಂಡು ಬಂದ."

"ಆಮ್ಯಾಗ ಕೂಸು ತೆಲುಗು ಮಾತಾಡ್ತಿತ್ತೇನು?"

"ಮಾತಾಡಿದ್ರ ನಮ್ಮ ಹುಡುಗರು ನಗತಿದ್ರು. ಒಂದು ಮಳಿಗಾಲ ಪೂರಾ ಬಾಯಿ ಬಿಡ್ಲಿಲ್ಲ ನೋಡ್ರಿ. ಆಮ್ಯಾಗ ಮಾತಾಡಿದ್ದು ಕನ್ನಡಾನ. ಆಕಿಗೂ ಮರ್ತುಹೋತು ಅನ್ಕೊಂಡ್ವಿ."

"ಬೀಗರಿಗೆ ಹೇಳ್ಲಿಲ್ಲ ಯಾಕ?"

"ಅಪ್ಪ ಅವ್ವನ್ನ ನುಂಗಿದ ಕೂಸು ಅಂದ್ರ ಯಾರು ತಗೋತಾರ್ರೀ, ಅಮ್ಮಾರ? ನನ್ನ ಮಗಳು ಅಂದೆ. ಸುಳ್ಳೇನಲ್ಲ ಅದು." ಅಷ್ಟು ಹೇಳಿ ಅತ್ತಳು. ಅತ್ತು ಮುಗಿದ ಮೇಲೆ ಮಗಳು ಊಟ ಮಾಡುತ್ತಾಳೋ ಇಲ್ಲವೋ ಎಂದು ಕೇಳಿದಳು.

ದೇವದುರ್ಗದ ದರ್ಗಾದ ಹಿಂದೆ ಬೇವಿನ ಮರಗಳಿದ್ದವು. ಬೇನೆಯವರನ್ನು ಕರೆತಂದ ಮನೆಮಂದಿ ಅವುಗಳ ನೆರಳಲ್ಲಿ ಕಲ್ಲು ಹೂಡಿ ಅಡುಗೆ ಮಾಡಿಕೊಳ್ಳುತ್ತಿದ್ದರು. ಅತ್ತೆ ಸೊಸೆಗೆ ಎಡಗೈಯಲ್ಲಿ ರೊಟ್ಟಿ ಮುರಿಯುವುದನ್ನು ತೋರಿಸುತ್ತಿದ್ದಳು. ಗಂಡನೂ ಅಂದು ಅಲ್ಲಿದ್ದ. ನಾನು ಅವರಿಬ್ಬರನ್ನೂ ಪಕ್ಕಕ್ಕೆ ಕರೆದು ಬಾಗಲವಾಡದಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಹೇಳಲು ಆ ಸಾಕಿದ ತಾಯಿ ಒಪ್ಪಿಗೆ ಕೊಟ್ಟಿದ್ದಳು. ಎಳವೆಯಲ್ಲಿ ಕಲಿತ ಮಾತು ಎಲ್ಲೋ ಕೆಳಗೆ ಉಳಿದಿತ್ತು, ಜ್ವರ ಮೇಲಿನದನ್ನು ತೆಗೆದಾಗ ಅದು ಕಂಡಿದೆ, ಇದರಲ್ಲಿ ಯಾರ ಗಾಳಿಯೂ ಇಲ್ಲ ಎಂದೆ. ಆಗಿನ ನನ್ನ ದನಿಯಲ್ಲಿ ಗೆದ್ದ ಹಿಗ್ಗು ಇತ್ತೆಂದು ಕಾಣುತ್ತದೆ.

ಅತ್ತೆ ಕೈಗಂಟಿದ್ದ ರೊಟ್ಟಿಯ ಚೂರುಗಳನ್ನು ಕೊಡವಿಕೊಂಡಳು. ಆಮೇಲೆ ಅಂದಳು: "ಆತಲ್ರೀ. ಹಂಗಾದ್ರೂ ಕೂಸ ಎಲ್ಲಿ ಅಂತ ಕೇಳಾಕತ್ತಾಕಿ ಸತ್ತಾಕೀನ ಆತಲ್ಲ. ನಮ್ಮಾಕಿ ಅಲ್ಲದಿದ್ರ ಇಕಿನ್ನ ಹಡದಾಕಿ."

 

ಗಂಡ ಕೇಳಿದ್ದು ಬೇರೆ. "ಆಕಿಗೆ ಕನ್ನಡ ತಿರುಗಿ ಬರ್ತದೇನ್ರೀ?"

"ಅಭ್ಯಾಸ ಮಾಡಿಸಿದ್ರ ಬರಬಹುದು."

"ಅದು ಬಂದ್ರ ಇದು ಹೋಗ್ತದೇನು?"

"ಹೋಗಬಹುದು. ನನಗ ಖಾತ್ರಿ ಇಲ್ಲ."

ಅವನು ಮರದ ಕೆಳಗೆ ಕುಳಿತ ಹೆಂಡತಿಯನ್ನು ನೋಡಿದ. "ಒಂದೀಟು ತಡದು ಬರಲಿ ಬಿಡ್ರೀ," ಎಂದ. ಅವನ ತಾಯಿ ಅವನ ಕಡೆ ತಿರುಗಿದ ರೀತಿ ನೋಡಿ ನಾನು ಕಣ್ಣು ಬೇರೆ ಕಡೆ ಮಾಡಿದೆ. "ಇಕಿ ಜೀವಂತ ಅದಾಳಲೇ," ಎಂದಳು ಆಕೆ, ಅಷ್ಟೇ. ಅವತ್ತೇ ಗಂಟು ಕಟ್ಟಿ ಸೊಸೆಯನ್ನು ಮನೆಗೆ ಕರೆದೊಯ್ದಳು.

ನಾನು ಕಲಿಸುವ ಕ್ರಮ ಹೇಳಿಕೊಟ್ಟೆ, ಕಲಿಸಿದವಳು ಅತ್ತೆ. ಒಂದೊಂದು ಪಾತ್ರೆಯನ್ನು ಕೈಗೆ ಕೊಟ್ಟು ಹೆಸರು ಹೇಳಿಸುತ್ತಿದ್ದಳಂತೆ. ವಾರಕ್ಕೊಮ್ಮೆ ರಾಯಚೂರಿಗೆ ಕರೆತರುತ್ತಿದ್ದಳು. ಮೊದಲು ಬಂದ ಕನ್ನಡ ಪದ 'ಬ್ಯಾಡ'. ಹಿಂದೆಯೇ ನೀರು, ಬಿಸಲು, ಯವ್ವ. ಭತ್ತದ ಸುಗ್ಗಿಯ ಹೊತ್ತಿಗೆ ಅವಳು ತಡವರಿಸುತ್ತ ಆದರೂ ಕನ್ನಡದಲ್ಲೇ ಅತ್ತೆಯ ಮೇಲೆ ನನ್ನ ಹತ್ತಿರ ದೂರು ಹೇಳುವಷ್ಟಾಗಿದ್ದಳು. ಕನ್ನಡ ಏರಿದ ಹಾಗೆ ತೆಲುಗು ಇಳಿಯಿತು. ಒಂದು ದಿನ ಹಣಿಗೆ ಹಿಡಿದು ತೆಲುಗಿನಲ್ಲಿ ಕೇಳಿದೆ. ತಲೆ ಓರೆ ಮಾಡಿ, ಗೋಡೆಯಾಚೆಯ ಸದ್ದು ಕೇಳುವವಳಂತೆ ನನ್ನನ್ನು ನೋಡಿದಳು. ಹಿಂದೆ ಕನ್ನಡಕ್ಕೆ ಹಾಗೆ ನೋಡುತ್ತಿದ್ದಳು. ಕಾಯಿಲೆಯ ಆ ತಿಂಗಳುಗಳು ಅವಳ ನೆನಪಿನಲ್ಲೇ ಇರಲಿಲ್ಲ.

ಇದಾಗಿ ಸ್ವಲ್ಪ ದಿನಕ್ಕೆ ಗಂಡ ಒಬ್ಬನೇ ನನ್ನ ಕೋಣೆಗೆ ಬಂದ. ಕೂರಲಿಲ್ಲ.

"ಅಮ್ಮಾರ, ಆಗ ನೀವು ಆಕಿ ಮಾತು ಟೇಪಿನಾಗ ಹಿಡದಿದ್ರಲ್ಲ. ಒಮ್ಮಿ ಕೇಳಸ್ತೀರೇನು?"

"ಅದು ನಿಮ್ಮ ಹೆಂಡತಿ ಮಾತ್ರೀ. ಆಕಿನ್ನ ಕೇಳದ ಹಾಕೂದು ಸರಿ ಅಲ್ಲ."

"ಯಾವ ಹೆಂಡತಿನ್ನ?" ಎಂದುಬಿಟ್ಟ. ಆಮೇಲೆ ತಾನಾಡಿದ ಮಾತಿಗೆ ತಾನೇ ಬೆಚ್ಚಿದವನಂತೆ ಬಾಗಿಲ ಚೌಕಟ್ಟು ಹಿಡಿದು ನಿಂತ.

ಮುಂದಿನ ವಾರ ಅವಳನ್ನೇ ಕೇಳಿದೆ. ಅವಳಿಗೆ ಊರ ಜನರ ಬಾಯಿಂದ ಎಲ್ಲ ತಿಳಿದಿತ್ತು: ತನ್ನ ಬಾಯಲ್ಲಿ ಸವತಿ ಬಂದಳೆಂದು ಜನ ಅಂದದ್ದು, ಗಂಡ ಆ ಸವತಿಯೊಂದಿಗೆ ಮಾತಾಡಿದ್ದು, ಬಾಗಲವಾಡದ ಸತ್ಯ. "ಕೇಳ್ಲಿ ಬಿಡ್ರೀ, ಅಕ್ಕಾರ. ಆದ್ರ ನಾನೂ ಮಗ್ಗಲ್ದಾಗ ಕುಂದರ್ತೀನಿ," ಎಂದಳು.

ಹೀಗೆ ಒಂದು ಮಧ್ಯಾಹ್ನ ಮೂವರೂ ಆ ಕೋಣೆಯಲ್ಲಿ ಕುಳಿತೆವು. ನಾನು ಗುಂಡಿ ಒತ್ತಿದೆ. ನನ್ನ ದನಿ, ಅವಳ ದನಿ. ದುವ್ವೆನ. ಕೊಡವಲಿ. ಗಂಡ ಮೊಣಕಾಲ ಮೇಲೆ ಮೊಣಕೈಯೂರಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಆ ಮಾತು ಬಂತು. "ಬಿಡ್ಡ ಏಡುಂದಿ?"

ಅವನು ಕಣ್ಣು ತೆರೆದ. "ಮತ್ತೊಮ್ಮಿ ಹಾಕ್ರಿ," ಎಂದ. ಹಾಕಿದೆ. ಇನ್ನೊಮ್ಮೆ ಕೇಳಿದ. ಆಮೇಲೆ ಬಹಳ ಮೆತ್ತಗೆ, "ಇದು ಆಕಿ ಅಲ್ಲ," ಎಂದ. "ಆಗ ಆಕೀನ ಅನಿಸಿತ್ತು. ಆಕಿ ದನಿ ಹ್ಯಾಂಗಿತ್ತು ಅಂತ ಈಗ ನನಗ ನೆನಪಾ ಇಲ್ಲ, ಅಮ್ಮಾರ. ಇದು ಆಕಿ ಅಲ್ಲ ಅಂಬೂದಷ್ಟ ಗೊತ್ತಾಗಾಕತ್ತದ." ಗಂಡಸರು ಹಾಗೆ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಸದ್ದಿಲ್ಲ, ಬೆನ್ನು ಮಾತ್ರ ಅಲುಗುತ್ತಿತ್ತು.

ಅವಳು ಅವನನ್ನು ಸಮಾಧಾನ ಮಾಡಲಿಲ್ಲ. ಟೇಪಿನ ಪೆಟ್ಟಿಗೆಯ ಹತ್ತಿರಕ್ಕೆ ಕಿವಿ ತಂದಿದ್ದಳು. "ಏನಂದೆ ಅದು, ನನಗ ತಿಳೀಲಿಲ್ಲ," ಎಂದಳು. ಅರ್ಥ ಹೇಳಿದೆ. "ಮಾತು ತಿಳೀವಲ್ದು, ಅಕ್ಕಾರ. ಆದ್ರ ಆ ರಾಗ ಕೇಳಿದ್ರ ಕಾಲಾಗ ನೆಲ ಸುಡತದ. ಬರಿಗಾಲಾಗ ಬಿಸಲಾಗ ನಿಂತಂಗ." ಬಾಗಿಲ ಹೊರಗೆ ನಿಲ್ಲಿಸಿದ್ದರೆಂಬುದನ್ನು ಅವಳಿಗೆ ಬಾಗಲವಾಡದವರು ಹೇಳಿದ್ದರೋ, ಅಥವಾ ಅದು ಅವಳದೇ ನೆನಪೋ, ನಾನು ಕೇಳಲಿಲ್ಲ. ಇಬ್ಬರೂ ಎದ್ದು ಬಸ್ಸಿನ ಹೊತ್ತಾಯಿತೆಂದು ಹೊರಟರು.

ಆ ಹೆಂಗಸಿನಿಂದಾಗಿ ನನ್ನ ಮುಂದಿನ ಓದು ಯಾವುದೆಂದು ಗೊತ್ತಾಯಿತು. ಬೆಂಗಳೂರಿಗೆ ಮರಳಿ, ಎರಡು ಮೂರು ಭಾಷೆಯವರ ಮಿದುಳಿಗೆ ಪೆಟ್ಟಾದಾಗ ಯಾವುದು ಉಳಿಯುತ್ತದೆ, ಯಾವುದು ಮೊದಲು ಮರಳುತ್ತದೆ ಎಂಬುದರ ಮೇಲೆ ಸಂಶೋಧನೆಗೆ ತೊಡಗಿದೆ. ಅವಳ ಒಪ್ಪಿಗೆ ಪಡೆದು ಟೇಪನ್ನು ಒಮ್ಮೆ ಹಿರಿಯರ ಮುಂದೆ ಹಾಕಿದೆ. ಎಲ್ಲರೂ ಮೆಚ್ಚಿದರು. ಆ ಸಾಲನ್ನು ಮತ್ತೆ ಹಾಕಿ ಎಂದು ಒಬ್ಬರು ಕೇಳಿದರು. ತಂಪಾದ ಆ ಕೋಣೆಯಲ್ಲಿ ಪೆನ್ನುಗಳು ಓಡುತ್ತಿದ್ದವು. ನನಗೆ ಮಾತ್ರ ಅಲ್ಲಿ ಕೂರಲಾಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆ. ಸಾಯುತ್ತಿದ್ದ ಹೆಂಗಸೊಬ್ಬಳು ಕೇಳಿದ್ದಕ್ಕೆ ಯಾರೂ ಉತ್ತರ ಕೊಡದೆ ಬರೆದುಕೊಳ್ಳುತ್ತಿದ್ದಾರೆ ಅನಿಸಿತ್ತು. ಅನಿಸಿಕೆ ವಿಜ್ಞಾನವಲ್ಲವೆಂದು ನನಗೆ ಗೊತ್ತಿತ್ತು. ಅದಾದ ಮೇಲೆ ಆ ಟೇಪನ್ನು ನಾನು ಯಾರ ಮುಂದೆಯೂ ಹಾಕಲಿಲ್ಲ.

ಎಂಬತ್ತರ ದಶಕದಲ್ಲಿ ರೋಗಿಗಳನ್ನು ಹುಡುಕಿಕೊಂಡು ಮತ್ತೆ ಇದೇ ಊರುಗಳಿಗೆ ಬರುತ್ತಿದ್ದೆ. ಮಾನ್ವಿಯ ಒಬ್ಬ ಬಳೆ ವ್ಯಾಪಾರಿಗೆ ಲಕ್ವ ಹೊಡೆದು ಮನೆಯ ದಖನಿ ಪೂರ್ತಿ ಹೋಗಿ, ಅಂಗಡಿಯ ಕನ್ನಡ ಉಳಿದಿತ್ತು. ಹೆಂಡತಿಯನ್ನು ಗಿರಾಕಿಯಂತೆ "ಬರ್ರಿ, ಕೂಡ್ರಿ" ಎನ್ನುತ್ತಿದ್ದ. ಆಕೆ ನಗುತ್ತ ಬಂದು ಕೂರುತ್ತಿದ್ದಳು, ಒಳಗೆ ಹೋಗಿ ಅಳುತ್ತಿದ್ದಳು. ಸಿರವಾರದ ಒಬ್ಬ ಕಾಳುಕಡಿಯ ಅಡತಿ ವ್ಯಾಪಾರಿಗೆ ಇದರ ತಿರುಗಾಮುರುಗಾ. ಒಬ್ಬರಿಗೆ ಹಾಗೆ, ಇನ್ನೊಬ್ಬರಿಗೆ ಹೀಗೆ ಯಾಕೆ ಎಂದು ಮನೆಯವರು ಕೇಳುತ್ತಿದ್ದರು. ನಾನು ಮಿದುಳಿನ ಚಿತ್ರ ಬರೆದು ತೋರಿಸುತ್ತಿದ್ದೆ. ಚಿತ್ರ ಸರಿಯಾಗಿಯೇ ಇರುತ್ತಿತ್ತು. ಅವರು ಕೇಳಿದ್ದು ಮಾತ್ರ ಅದರಲ್ಲಿ ಇರುತ್ತಿರಲಿಲ್ಲ.

ಅಂಥ ಒಂದು ಪ್ರವಾಸದಲ್ಲಿ ಮಾನ್ವಿ ಆಸ್ಪತ್ರೆಯ ಅಂಗಳದಲ್ಲಿ ಯಾರೋ "ಅಕ್ಕಾರ" ಎಂದು ಕೂಗಿದರು. ಅವಳೇ. ಮೈ ತುಂಬಿಕೊಂಡಿದ್ದಳು, ಬಲಗೈ ಇನ್ನೂ ಸ್ವಲ್ಪ ಬಿಗಿ. ಎಡ ಸೊಂಟದ ಮೇಲೆ ಒಂದು ಹೆಣ್ಣುಕೂಸು. ಅತ್ತೆ ಹಿಂದಿನ ವರ್ಷ ತೀರಿಕೊಂಡಳೆಂದು ಹೇಳಿ ಕಣ್ಣೊರೆಸಿಕೊಂಡಳು. ನೆರಳಲ್ಲಿ ಕುಳಿತೆವು. ತಾನೂ ಗಂಡನೂ ಹೊಳೆ ದಾಟಿ ಹೋಗಿ ಬಂದೆವು ಎಂದಳು.

"ಮೊದಲನೇದಾಕಿನ್ನ ಮಣ್ಣು ಮಾಡಿದ ಗದ್ದಿಗಿ ಆತ ಒಮ್ಮಿನೂ ನೋಡಿರ್ಲಿಲ್ರೀ, ಹೆದರತಿದ್ದ. ನಾನಾ ಹೋಗಾಣು ನಡಿ ಅಂದೆ. ಹೂವು ಏರಿಸಿ ಬಂದ್ವಿ. ಅಲ್ಲಿಂದ ನನ್ನ ಹಡದವ್ವನ ಊರಿಗೆ."

"ಮನಿ ಇತ್ತೇನು?"

"ಏನೂ ಇಲ್ಲ. ಜಾಲಿ ಬೆಳದಿತ್ತು. ಹೊಳ್ಳಿ ಬರಬೇಕಂದ್ರ ಬಾವಿ ಹತ್ರ ಒಬ್ಬ ಮುದುಕಿ ನನ್ನ ಮಾರಿ ನೋಡಿ ಕೊಡ ಇಳಿವಿ, ರಟ್ಟಿ ಗಟ್ಟಿ ಹಿಡದಳು. ಏನೋ ಅನ್ನಾಕತ್ತಿದ್ಲು, ನನಗ ಒಂದೂ ತಿಳೀಲಿಲ್ಲ. ಆತ ತಿಳಿಸಿ ಹೇಳಿದ. ನಮ್ಮವ್ವನ ಹೆಸರು ಹಿಡದು, ಇಷ್ಟ ದಿನ ಎಲ್ಲಿಗೆ ಹೋಗಿದ್ದಿ, ಎಲ್ಲಾರೂ ನಿನ್ನ ಸತ್ತಾಳ ಅಂತಾರ ಅಂತ ಅಂದ್ಲಂತ. ಮುದುಕಿಗೆ ಕಣ್ಣು ಮಬ್ಬು. ಕೂಸಿನ ಮಾರಿ ಮ್ಯಾಲೆ ಕೈಯಾಡಿಸಿ, ಕೂಸು ಸಿಕ್ತಲ್ಲ ಅಂತ ಕೇಳಿದ್ಲಂತ."

"ನೀ ಏನಂದಿ?"

ಅವಳು ಕೂಸಿನ ಅಂಗಿಯ ಗುಂಡಿ ಹಾಕುತ್ತಿದ್ದಳು. ಸೋತ ಕೈ, ನಿಧಾನವಾಗಿ ಹಾಕಿದಳು.

"ಸಿಕ್ತು ಅಂತ ಹೇಳು ಅಂದೆ, ಆತಗ. ಆತ ಆಕಿ ಮಾತಿನಾಗ ಹೇಳಿದ."